ತರಬೇತಿಯ ಗಾಯ, ಬಿಡುಗಡೆಯ ಕಾಗದ

ಗಡಿನಾಡಿನ ನಮ್ಮ ಮನೆಗಳಿಂದಲೂ ಮಕ್ಕಳು ಸೇನೆಗೆ ಸೇರುತ್ತಾರೆ. ಆದುದರಿಂದ ಈ ಇತಿಹಾಸ ನಮ್ಮದೂ ಹೌದು. ಗಾಯಗೊಂಡು ಅನರ್ಹನೆನಿಸಿ ಮರಳಿದ ಸೈನಿಕನ ಪಿಂಚಣಿ ಒಂದು ಪ್ರಶ್ನೆಯನ್ನು ಅವಲಂಬಿಸಿರುತ್ತದೆ: ಊನವು ಸೇವೆಯಿಂದ ಬಂದುದೋ, ಅಲ್ಲವೋ?

ಇಂಥ ಮೊರೆಗಳನ್ನು ಕೇಳಲು 2007ರ ಕಾಯಿದೆಯಂತೆ 2009ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಆರಂಭವಾಯಿತು. 2013ರಲ್ಲಿ ಧರಂವೀರ್ ಸಿಂಗ್ ಪ್ರಕರಣದ ತೀರ್ಪು ಬಂದಿತು. ಸೇರುವಾಗಿನ ದಾಖಲೆಯಲ್ಲಿ ರೋಗದ ಉಲ್ಲೇಖವಿಲ್ಲದಿದ್ದರೆ ಅದು ಸೇವೆಯಿಂದ ಬಂದುದೆಂದೇ ಭಾವಿಸಬೇಕು, ಅಲ್ಲವೆಂದು ಸಾಧಿಸುವ ಹೊಣೆ ಸರ್ಕಾರದ್ದು ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು.

ಆದರೆ ಅಧಿಕಾರಿ ತರಬೇತಿಯಲ್ಲಿ ಗಾಯಗೊಂಡು ಹೊರಬಂದ ಕೆಡೆಟ್‌ಗಳು ಮಾಜಿ ಸೈನಿಕರೆನಿಸಲಿಲ್ಲ. ಪಿಂಚಣಿಯ ಬದಲು ಅನುಗ್ರಹ ಧನವಷ್ಟೇ ದೊರೆಯಿತು. 2025ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ವಯಂಪ್ರೇರಿತವಾಗಿ ಈ ಸಂಗತಿಯನ್ನು ಕೈಗೆತ್ತಿಕೊಂಡಿತು.

ಸೇರ್ಪಡೆಯ ದಿನದ ವೈದ್ಯಕೀಯ ಪತ್ರವನ್ನು ಮನೆಯ ಪೆಟ್ಟಿಗೆಯಲ್ಲಿ ಜೋಪಾನ ಮಾಡುವುದು ಹಿರಿಯರಾದ ನಮ್ಮ ಕರ್ತವ್ಯ.