ಅವಿದ್ಧ ರೇಖೆ: ಎಡೆದೊರೆ ನಾಡಿನ ಗೋಡೆ, ಬಂಡೆ, ಅಂಗಳಗಳಲ್ಲಿ ಲೀಲಾಚಿತ್ರ

ರಾಯಚೂರು ನಗರದ ಒಳಕೋಟೆಯ ಪಶ್ಚಿಮ ಗೋಡೆಯಲ್ಲಿ ನಲವತ್ತು ಅಡಿಗೂ ಮೀರಿದ ಉದ್ದದ ಒಂದೇ ಕಲ್ಲು ಕುಳಿತಿದೆ. ಗಾರೆಯ ನೆರವಿಲ್ಲದೆ ಕಲ್ಲಿಗೆ ಕಲ್ಲು ಹೊಂದಿಸಿ ಕಟ್ಟಿದ ಈ ಗೋಡೆಯಲ್ಲಿ ಉಳಿದವೂ ಚಿಕ್ಕ ಕಲ್ಲುಗಳಲ್ಲ. ಆದರೆ ಇದರ ಮುಂದೆ ಅವೆಲ್ಲ ಸಣ್ಣವೇ. ಇದರ ಮೇಲಿನ ತೆಲುಗು ಶಾಸನದ ಕಾಲ ಕ್ರಿ.ಶ. 1294. ಆದವಾನಿ, ತುಂಬಳ, ಮಾನುವ ಮತ್ತು ಹಾಲುವ ದುರ್ಗಗಳನ್ನು ಗೆದ್ದ ಬಳಿಕ, ಕಾಕತೀಯರ ಅಧಿಕಾರಿ ಗೋರೆ ಗಂಗಯ ರೆಡ್ಡಿಯ ಆಜ್ಞೆಯಂತೆ ವಿಠಲನಾಥನು ಈ ಕೋಟೆಯನ್ನು ಕಟ್ಟಿಸಿದ ಸಂಗತಿಯನ್ನು ಅದು ತಿಳಿಸುತ್ತದೆ. ಇಲ್ಲಿಯ ಮಾನುವವೇ ಇಂದಿನ ಮಾನ್ವಿ. ರಾಯಚೂರಿನ ರಾಜಕೀಯ ಚರಿತ್ರೆಯನ್ನು ಬರೆದವರೆಲ್ಲ ಈ ಶಾಸನವನ್ನು ಬಳಸಿಕೊಂಡಿದ್ದಾರೆ.

ಅದರ ಸಮೀಪದಲ್ಲೇ ಗೋಡೆಯ ಮೇಲೆ ಇರುವ ಗೀರುಚಿತ್ರಕ್ಕೆ ಅಷ್ಟು ಗಮನ ಸಂದಿಲ್ಲ. ಗಣಿಯಿಂದ ಇಂತಹ ಹೆಬ್ಬಂಡೆಯನ್ನು ಕೋಟೆಗೆ ಸಾಗಿಸುವ ದೃಶ್ಯ ಅದರಲ್ಲಿದೆ. ಗಟ್ಟಿ ಗಾಲಿಗಳ ಬಂಡಿಯ ಮೇಲೆ ಕಲ್ಲು ಮಲಗಿದೆ. ಮುಂದೆ ಜೋಡಿ ಜೋಡಿಯಾಗಿ ಕೋಣಗಳ ಉದ್ದನೆಯ ಸಾಲು. ಅವುಗಳನ್ನು ಹುರಿದುಂಬಿಸಿ ಹೊಡೆಯುವ ಆಳುಗಳು. ಹಿಂದೆ ಗಾಲಿಗಳಿಗೆ ಸನ್ನೆಕೋಲು ಕೊಟ್ಟು ಮೀಟುತ್ತಿರುವವರು. ಒಂದು ಘನ ಅಡಿ ಗ್ರಾನೈಟ್ ಸುಮಾರು 75 ಕಿಲೋ ತೂಗುತ್ತದೆ. ನಲವತ್ತು ಅಡಿ ಉದ್ದದ ಕಲ್ಲಿಗೆ ಮೂರಡಿ ಅಗಲ, ಒಂದೇ ಅಡಿ ದಪ್ಪವೆಂದು ಕೈಬಿಗಿಹಿಡಿದು ಲೆಕ್ಕ ಹಾಕಿದರೂ ಭಾರ ಒಂಬತ್ತು ಟನ್ನಿಗೆ ಬರುತ್ತದೆ. ಮಳೆಗಾಲದಲ್ಲಿ ಬಂಡಿಯ ಗಾಲಿ ಹೂತುಹೋಗುವ ಎರೆಭೂಮಿಯ ಸೀಮೆಯಲ್ಲಿ ಇದು ಸಾಮಾನ್ಯ ಸಾಹಸವಲ್ಲ.

ಈ ಚಿತ್ರವನ್ನು ಏಕೆ ಗೀರಿದರು? ಶಾಸನದ ಉದ್ದೇಶ ಸ್ಪಷ್ಟ: ಒಡೆಯನ ಹೆಸರು, ಗೆದ್ದ ದುರ್ಗಗಳ ಪಟ್ಟಿ, ಕಟ್ಟಿಸಿದ ಕೀರ್ತಿ. ಚಿತ್ರದ ಒಲವು ಬೇರೆ ಕಡೆಗಿದೆ. ಅದರಲ್ಲಿ ಕೋಣಗಳಿಗೆ ಸಿಕ್ಕಿರುವ ಸ್ಥಳ ಯಾವ ದಂಡನಾಯಕನಿಗೂ ಸಿಕ್ಕಿಲ್ಲ. ಉಬ್ಬುಶಿಲ್ಪವನ್ನು ಕಂಡರಿಸುವುದಕ್ಕೆ ಬೇಕಾದ ಸಿದ್ಧತೆ, ಅಳತೆ, ದಿನಗಳ ದುಡಿಮೆ ಇಂತಹ ರೇಖೆಗೆ ಬೇಕಿಲ್ಲ. ಉಳಿ ಹಿಡಿಯಲು ಬಲ್ಲ ಕೈ ಮತ್ತು ಕಣ್ಣಾರೆ ಕಂಡ ಸೋಜಿಗ ಇದ್ದರೆ ಸಾಕು. ಇದೇ ಕೋಟೆಯ ನವರಂಗಿ ದರ್ವಾಜದ ಉಬ್ಬುಶಿಲ್ಪಗಳನ್ನಾಗಲಿ, ದೇವದುರ್ಗ ತಾಲ್ಲೂಕಿನ ಗಬ್ಬೂರಿನ ದೇವಾಲಯಗಳ ಕೆಲಸವನ್ನಾಗಲಿ ಇದರ ಪಕ್ಕಕ್ಕಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ಶಿಲ್ಪಿ ಒಪ್ಪಿಸಿದ ಕೆಲಸವನ್ನು ಮಾಡಿದ್ದಾನೆ. ಇಲ್ಲಿ ಕೆಲಸ ಮುಗಿದ ಹುರುಪು ಗೆರೆಯಾಗಿದೆ ಎಂದು ಊಹಿಸುವುದು ತಪ್ಪಾಗಲಾರದು. ಸಾಗಾಣಿಕೆಯ ತಂತ್ರಕ್ಕೆ ಸಾಕ್ಷ್ಯವೆಂದು ಮಾತ್ರ ಈ ಚಿತ್ರವನ್ನು ಉಲ್ಲೇಖಿಸಿ ಮುಂದೆ ಸಾಗುವ ಬರೆಹಗಳು ಅದರ ಅರ್ಧ ಅರ್ಥವನ್ನು ಮಾತ್ರ ಗ್ರಹಿಸಿವೆ.

ಮನಸ್ಸಿಗೆ ಬಂದಾಗ ಬರೆಯುವ ಚಿತ್ರಕ್ಕೆ ಕನ್ನಡ ನಾಡಿನ ಶಾಸ್ತ್ರಗ್ರಂಥವೊಂದು ಹೆಸರನ್ನೇ ಕೊಟ್ಟಿರುವುದು ಇಲ್ಲಿ ನೆನೆಯತಕ್ಕ ಸಂಗತಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು (ಆಳ್ವಿಕೆ ಕ್ರಿ.ಶ. 1126–1138) ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಕಲೆಯ ವಿಸ್ತಾರವಾದ ವಿವರಣೆಯಿದೆ. ಗೋಡೆಯನ್ನು ನುಣುಪು ಮಾಡುವ ಕ್ರಮ, ವಜ್ರಲೇಪ, ಬಣ್ಣಗಳ ತಯಾರಿಕೆ, ದೇಹದ ಪ್ರಮಾಣ ಇವೆಲ್ಲವನ್ನು ಹೇಳಿದ ಮೇಲೆ ಗ್ರಂಥಕಾರನು ಚಿತ್ರದ ಬಗೆಗಳನ್ನು ಹೆಸರಿಸುತ್ತಾನೆ. ಕನ್ನಡಿಯ ಬಿಂಬದಂತೆ ಯಥಾವತ್ತಾಗಿರುವುದು ವಿದ್ಧ. ಬರೆಯಬೇಕೆಂದು ಫಕ್ಕನೆ ಅನಿಸಿ ಬರೆದಾಗ, ಆಕಾರ ಮಾತ್ರ ಒದಗಿ ಬರುವಂಥದು ಅವಿದ್ಧ. ಪುಡಿಯ ಬಣ್ಣಗಳಿಂದ ನೆಲದ ಮೇಲೆ ರಚಿಸುವುದು ಧೂಳಿಚಿತ್ರ. ಭಾವಚಿತ್ರ, ರಸಚಿತ್ರಗಳೂ ಈ ಪಟ್ಟಿಯಲ್ಲಿವೆ. ಅವಿದ್ಧವನ್ನು ದೋಷವೆಂದು ಎಣಿಸದೆ ಒಂದು ಪ್ರಕಾರವೆಂದು ಮನ್ನಿಸಿರುವುದು ಗಮನಾರ್ಹ. ಕೃಷ್ಣಾ–ತುಂಗಭದ್ರೆಗಳ ನಡುವಣ ಎಡೆದೊರೆ ನಾಡು ಆ ಕಾಲದಲ್ಲಿ ಕಲ್ಯಾಣದ ಆಳ್ವಿಕೆಗೆ ಒಳಪಟ್ಟಿತ್ತು. ರಾಯಚೂರಿನ ಗೋಡೆಗೆ ಗೆರೆ ಎಳೆದವನು ಸಂಸ್ಕೃತ ಗ್ರಂಥವನ್ನು ಓದಿದ್ದನೆಂದು ಹೇಳಬೇಕಾಗಿಲ್ಲ. ಅಂತಹ ಗೆರೆಗಳು ಲೋಕದಲ್ಲಿ ಹೇರಳವಾಗಿದ್ದುದರಿಂದಲೇ ಗ್ರಂಥಕಾರನಿಗೆ ಅವುಗಳಿಗೊಂದು ಹೆಸರು ಬೇಕಾಯಿತು ಎಂದರೆ ಸಾಕು.

ಹೇರಳವಾಗಿದ್ದವು ಎಂಬುದಕ್ಕೆ ಈ ಸೀಮೆಯ ಬಂಡೆಗಳೇ ಆಧಾರ. ರಾಯಚೂರು ಜಿಲ್ಲೆಯ ಲಿಂಗಸುಗೂರು ಕಡೆಯ ಪಿಕ್ಲಿಹಾಳದ ಗುಡ್ಡಗಳಲ್ಲಿ ಕೆಮ್ಮಣ್ಣಿನ ವರ್ಣಚಿತ್ರಗಳೂ ಕುಟ್ಟುಚಿತ್ರಗಳೂ ಇವೆ. ಹೈದರಾಬಾದ್ ಸಂಸ್ಥಾನದ ಭೂವಿಜ್ಞಾನಿ ಲಿಯೊನಾರ್ಡ್ ಮನ್ ಇಂತಹ ನೆಲೆಗಳನ್ನು ಮೊದಲಿಗೆ ಗುರುತಿಸಿದರು. ಡಿ.ಎಚ್. ಗಾರ್ಡನ್ ಮತ್ತು ಎಫ್.ಆರ್. ಆಲ್ಚಿನ್ 1955ರಲ್ಲಿ ರಾಯಚೂರಿನ ಬಂಡೆಚಿತ್ರಗಳನ್ನು ಕುರಿತು ಪ್ರಬಂಧ ಪ್ರಕಟಿಸಿದರು. ಆಲ್ಚಿನ್‌ರ ಪಿಕ್ಲಿಹಾಳ ಉತ್ಖನನ ವರದಿ 1960ರಲ್ಲಿ ಹೊರಬಂದಿತು. ಕುಟ್ಟುಚಿತ್ರದ ವಿಧಾನ ಸರಳ. ಬಿಸಿಲು ಮಳೆಗೆ ಕಪ್ಪಿಟ್ಟ ಬಂಡೆಯ ಮೈಯನ್ನು ಕಲ್ಲಿನಿಂದ ಜಜ್ಜಿದರೆ ಒಳಗಿನ ತಿಳಿ ಬಣ್ಣ ಹೊರಬರುತ್ತದೆ. ಶತಮಾನಗಳು ಕಳೆದಂತೆ ಆ ಗುರುತೂ ಕಪ್ಪಾಗುತ್ತದೆ. ಯಾವುದು ಹಳತು, ಯಾವುದು ಹೊಸತು ಎಂಬುದನ್ನು ಈ ಕಪ್ಪಿನ ಅಂತರದಿಂದ ಅಳೆಯುವುದು ರೂಢಿ. ಹಳೆಯ ಚಿತ್ರಗಳಲ್ಲಿ ಉದ್ದ ಕೊಂಬಿನ ದನಗಳದೇ ಪ್ರಾಬಲ್ಯ, ಕ್ರಿ.ಪೂ. ಮೂರನೆಯ ಸಹಸ್ರಮಾನದಿಂದ ಇಲ್ಲಿ ನೆಲೆಸಿದ್ದ ನವಶಿಲಾಯುಗದ ದನಗಾಹಿಗಳ ಲೋಕ ಅದು. ಅವುಗಳ ಮೇಲೆ, ಪಕ್ಕದಲ್ಲಿ, ಕಾಲಾಂತರದಲ್ಲಿ ಆನೆ ಕುದುರೆಗಳೂ ಸವಾರರೂ ಬಂದು ಸೇರಿದ್ದಾರೆ. ಬಂಡೆ ಒಂದೇ, ಕೈಗಳು ಹಲವು.

ಈ ಚಿತ್ರಗಳ ಅರ್ಥ ಹೇಳಲು ಹೊರಟವರು ಬಹುಮಟ್ಟಿಗೆ ಪೂಜೆ, ಮಾಂತ್ರಿಕ ನಂಬಿಕೆ, ಫಲವಂತಿಕೆ ಎಂಬ ಮೂರು ಬಾಗಿಲುಗಳನ್ನೇ ತಟ್ಟಿದ್ದಾರೆ. ದನದ ಸಗಣಿಯನ್ನು ರಾಶಿ ಹಾಕಿ ಸುಟ್ಟು ಬೂದಿದಿಬ್ಬಗಳನ್ನು ಎಬ್ಬಿಸಿದ ಜನರಿಗೆ ದನ ಪವಿತ್ರವಾಗಿದ್ದಿರಬಹುದು. ಆದರೆ ಪ್ರತಿಯೊಂದು ಗೂಳಿಯ ಚಿತ್ರವೂ ಹರಕೆಯೇ ಆಗಬೇಕೆಂಬ ಹಟ ಸರಿಯಲ್ಲ. ಬಳ್ಳಾರಿ ಸಮೀಪದ ಕುಪಗಲ್ಲಿನಲ್ಲಿ ನಿಕೋಲ್ ಬೊಯ್ವಿನ್ ನಡೆಸಿದ ಅಧ್ಯಯನ (2004ರಲ್ಲಿ ಪ್ರಕಟಿತ) ಬೇರೊಂದು ದಾರಿ ತೋರಿಸಿತು. ಅಲ್ಲಿಯ ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಹೊಮ್ಮುತ್ತದೆ. ಕೆಲವು ಚಿತ್ರಗಳು ಸುಲಭವಾಗಿ ಕೈಗೆ ಎಟುಕದ ಎತ್ತರದಲ್ಲಿವೆ. ಮುಗಿದ ಚಿತ್ರದಷ್ಟೇ ಅದನ್ನು ಬಿಡಿಸುವ ಕ್ರಿಯೆ, ಕುಟ್ಟುವ ಸದ್ದು, ಹತ್ತಿ ನಿಲ್ಲುವ ಸಾಹಸ ಮುಖ್ಯವಾಗಿದ್ದಿರಬಹುದು ಎಂಬುದು ಆ ಅಧ್ಯಯನದ ಒಟ್ಟು ಸೂಚನೆ. ಗ್ರಾನೈಟ್ ಗಣಿಗಾರಿಕೆಯು ಇಂತಹ ಗುಡ್ಡಗಳನ್ನೇ ಕರಗಿಸುತ್ತ ಬಂದಿರುವುದರಿಂದ ಈ ವಿಚಾರಣೆಗೆ ಅವಸರವೂ ಇದೆ. ದನ ಮೇಯಲು ಬಿಟ್ಟು ಹಗಲೆಲ್ಲ ಗುಡ್ಡದ ಮೇಲೆ ಕುಳಿತವನ ಕೈಯಲ್ಲೊಂದು ಕಲ್ಲು, ಎದುರಿಗೊಂದು ಬಂಡೆ: ಇದಕ್ಕಿಂತ ಹೆಚ್ಚಿನ ಕಾರಣ ಎಲ್ಲ ಚಿತ್ರಗಳಿಗೂ ಬೇಕಿರಲಿಲ್ಲ.

ಧಾರ್ಮಿಕತೆ ಮತ್ತು ಆಟ ಒಂದನ್ನೊಂದು ಹೊರದೂಡುವುದಿಲ್ಲವೆಂಬುದಕ್ಕೆ ಮಾನ್ವಿ, ದೇವದುರ್ಗಗಳ ಒಕ್ಕಲು ಮನೆಗಳ ಆಚರಣೆ ನಿದರ್ಶನವಾಗಿದೆ. ಜ್ಯೇಷ್ಠ ಮಾಸದ ಕಾರಹುಣ್ಣಿಮೆಯಂದು ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಮೈಮೇಲೆ ಚುಕ್ಕೆ, ಬಳೆ, ಅಂಗೈಯ ಗುರುತುಗಳನ್ನು ಒತ್ತುತ್ತಾರೆ. ಎತ್ತಿನ ಪೂಜೆಗೆ ವಿಧಿಯಿದೆ. ಯಾವ ಎತ್ತಿನ ಬೆನ್ನಿಗೆ ಯಾವ ಬಣ್ಣ ಎಂಬುದಕ್ಕಿಲ್ಲ. ಅದು ಹುಡುಗರ ಮರ್ಜಿ. ಎತ್ತು ಸುಮ್ಮನೆ ನಿಲ್ಲದ್ದರಿಂದ ಗೆರೆ ಸೊಟ್ಟಗಾದರೆ ಅದನ್ನೇ ಹೂವಾಗಿಸುವುದುಂಟು. ಹದಿನೈದು ದಿನಗಳ ಬಳಿಕ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನ ಜೋಡೆತ್ತು, ಗೋದಲಿಗಳು ಮಕ್ಕಳ ಕೈಯಲ್ಲಿ ಸಿದ್ಧವಾಗುತ್ತವೆ. ಸೋಮೇಶ್ವರನು ಹೇಳಿದ ಧೂಳಿಚಿತ್ರದ ಬಳಗಕ್ಕೆ ಸೇರಿದ ರಂಗೋಲಿ ಬೆಳಗಿನ ಅಂಗಳದಲ್ಲಿ ಮೂಡಿ, ಸಂಜೆಯೊಳಗೆ ಕಾಲ್ತುಳಿತಕ್ಕೆ ಅಳಿಯುತ್ತದೆ. ಇವುಗಳಿಗೆ ಸಹಿ ಇಲ್ಲ, ಸಂಗ್ರಹಾಲಯವಿಲ್ಲ. ಹಾಗೆಂದೇ ಕಲೆಯ ಚರಿತ್ರೆಯನ್ನು ಬರೆಯುವವರು ಇವನ್ನು ‘ಜಾನಪದ’ ಎಂಬ ಕೋಣೆಗೆ ಸೇರಿಸಿ ಬಾಗಿಲು ಹಾಕಿಕೊಂಡರು. ಬಂಡೆಯ ಗೂಳಿ, ಕೋಟೆಗೋಡೆಯ ಕೋಣ, ಎತ್ತಿನ ಬೆನ್ನಿನ ಬಣ್ಣ ಇವುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ನೋಡುವ ಕೆಲಸ ಅದರಿಂದ ಹಿಂದೆ ಬಿದ್ದಿದೆ. ಇವುಗಳ ನಡುವೆ ಮುರಿಯದ ಪರಂಪರೆ ಇದೆಯೆಂದು ಸಾಧಿಸಬೇಕಾಗಿಲ್ಲ. ಮನುಷ್ಯನ ಜೊತೆ ದುಡಿದ ಪ್ರಾಣಿಯನ್ನು ಬಿಡಿಸುವ ಹಿಗ್ಗು ಪ್ರತಿ ಕಾಲದಲ್ಲೂ ಹೊಸದಾಗಿ ಹುಟ್ಟಬಲ್ಲದು.

ರಾಯಚೂರಿನ ಗೀರುಚಿತ್ರವನ್ನು ಅಭ್ಯಸಿಸುವವರಿಗೆ ಒಂದು ವ್ಯಾವಹಾರಿಕ ಮಾತು. ತೆಳುವಾಗಿ ಗೀರಿದ ರೇಖೆಗಳು ನೆತ್ತಿಯ ಬಿಸಿಲಿನಲ್ಲಿ ಕಲ್ಲಿನ ಬಣ್ಣದೊಳಗೆ ಅಡಗಿಬಿಡುತ್ತವೆ. ಬೆಳಕು ಗೋಡೆಗೆ ಓರೆಯಾಗಿ ತಾಗುವ ಹೊತ್ತಿಗೆ ಹೋದರೆ ಮೊದಲು ಗಾಲಿ, ಆಮೇಲೆ ಸನ್ನೆ ಹಿಡಿದ ಕೈಗಳು, ಕೊನೆಗೆ ಕೋಣಗಳ ಸಾಲು ಒಂದೊಂದಾಗಿ ಕಣ್ಣಿಗೆ ಹತ್ತುತ್ತವೆ.