ವಿಹಾರದ ಕೆರೆ, ಒಡೆದ ಏರಿ

ನಿಮ್ಮ ಊರಿನಲ್ಲಿ ಕೆರೆಯಿದ್ದರೆ ಅದರ ಏರಿಯ ಮೇಲೆ ನೀವು ನಡೆದಾಡಿರುತ್ತೀರಿ. ಏರಿ ನೀರನ್ನು ತಡೆದು ನಿಲ್ಲಿಸುತ್ತದೆ. ತೂಬು ಬೇಕಾದಾಗ ನೀರನ್ನು ಹೊರಬಿಡುತ್ತದೆ. ಕೆರೆ ತುಂಬಿದ ಮೇಲೆ ಬರುವ ಹೆಚ್ಚಿನ ನೀರು ಏರಿಗೆ ಅಪಾಯವಾಗದಂತೆ ಕೋಡಿಯಲ್ಲಿ ಹರಿದುಹೋಗುತ್ತದೆ. ಮಣ್ಣಿನ ಕಟ್ಟೆ ಎಷ್ಟೇ ಚಿಕ್ಕದಿರಲಿ, ದೊಡ್ಡದಿರಲಿ, ಅದರ ಸುರಕ್ಷತೆ ನಿಂತಿರುವುದು ಈ ಮೂರರ ಮೇಲೆ. ತೂಬನ್ನು ಕಿತ್ತುಹಾಕಿ, ಏರಿಯನ್ನು ತಗ್ಗಿಸಿ, ಕೋಡಿಗೆ ಅಡ್ಡಿ ಕಟ್ಟಿದರೆ ಏನಾಗುತ್ತದೆ? 1889ರ ಮೇ 31ರಂದು ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಜನ ಇದಕ್ಕೆ ಉತ್ತರವನ್ನು ಕಣ್ಣಾರೆ ಕಂಡರು. ಆ ಉತ್ತರಕ್ಕೆ ತೆತ್ತ ಬೆಲೆ 2,209 ಜೀವಗಳು.

ಕಾಲುವೆಗಾಗಿ ಕಟ್ಟಿದ ಕಟ್ಟೆ

ರೈಲು ಬರುವ ಮೊದಲು ಪೆನ್ಸಿಲ್ವೇನಿಯದಲ್ಲಿ ಸರಕು ಸಾಗಾಟಕ್ಕೆ ಕಾಲುವೆಗಳಿದ್ದವು. ಜಾನ್ಸ್‌ಟೌನ್ ಎಂಬ ಊರಿನ ಬಳಿ ಬೇಸಿಗೆಯಲ್ಲಿ ಕಾಲುವೆಗೆ ನೀರು ಸಾಲುತ್ತಿರಲಿಲ್ಲ. ಆದ್ದರಿಂದ ಆ ಊರಿನಿಂದ ಸುಮಾರು 22 ಕಿಲೋಮೀಟರ್ ಮೇಲೆ, ಸೌತ್ ಫೋರ್ಕ್ ಎಂಬ ಹೊಳೆಗೆ ಅಡ್ಡಲಾಗಿ ರಾಜ್ಯ ಸರ್ಕಾರ ಮಣ್ಣಿನ ಕಟ್ಟೆಯೊಂದನ್ನು ಕಟ್ಟಿಸಿತು. 1838ರಲ್ಲಿ ಆರಂಭವಾದ ಕೆಲಸ ನಡುನಡುವೆ ನಿಂತು 1853ರಲ್ಲಿ ಮುಗಿಯಿತು. ಕಟ್ಟೆಯ ಎತ್ತರ ಸುಮಾರು 22 ಮೀಟರ್, ಉದ್ದ ಸುಮಾರು 284 ಮೀಟರ್.

ಮೂಲ ಕಟ್ಟೆ ಚೆನ್ನಾಗಿಯೇ ಇತ್ತು. ನೀರಿನ ಕಡೆ ಜೇಡಿಮಣ್ಣನ್ನು ಪದರ ಪದರವಾಗಿ ಹಾಕಿ, ನೀರುಣಿಸಿ, ಗಟ್ಟಿ ಮಾಡಿದ್ದರು. ಹೊರಮೈಗೆ ಕಲ್ಲು ತುಂಬಿದ್ದರು. ಒಂದು ಬದಿಯಲ್ಲಿ ಬಂಡೆಯನ್ನು ಕಡಿದು ಕೋಡಿ ಮಾಡಿದ್ದರು. ಕಟ್ಟೆಯ ತಳದಲ್ಲಿ ಎರಕದ ಕಬ್ಬಿಣದ ಐದು ಕೊಳವೆಗಳಿದ್ದವು. ಇವೇ ಆ ಕಟ್ಟೆಯ ತೂಬು.

ಆದರೆ ಕಟ್ಟೆ ಮುಗಿಯುವ ಹೊತ್ತಿಗೆ ರೈಲು ಬಂದಿತ್ತು, ಕಾಲುವೆಗೆ ಕೆಲಸವಿರಲಿಲ್ಲ. 1857ರಲ್ಲಿ ಇಡೀ ಆಸ್ತಿ ರೈಲು ಕಂಪನಿಗೆ ಮಾರಾಟವಾಯಿತು. ಯಾರಿಗೂ ಬೇಡವಾದ ಕಟ್ಟೆಯನ್ನು ಯಾರೂ ನೋಡಿಕೊಳ್ಳಲಿಲ್ಲ. 1862ರಲ್ಲಿ ಕೊಳವೆಗಳಿದ್ದ ಜಾಗದಲ್ಲಿ ಏರಿ ಒಡೆಯಿತು. ಕೆರೆಯಲ್ಲಿ ನೀರು ಕಡಿಮೆ ಇದ್ದುದರಿಂದ ಹೆಚ್ಚಿನ ಹಾನಿಯಾಗಲಿಲ್ಲ. 1875ರಲ್ಲಿ ಕಟ್ಟೆಯನ್ನು ಕೊಂಡ ಮಾಲೀಕ ಆ ಐದು ಕೊಳವೆಗಳನ್ನು ತೆಗೆಸಿ ಗುಜರಿಗೆ ಮಾರಿದ. ಅಲ್ಲಿಗೆ ತೂಬು ಹೋಯಿತು.

ಶ್ರೀಮಂತರ ಬೇಸಿಗೆಯ ತಾಣ

1879ರಲ್ಲಿ ಬೆಂಜಮಿನ್ ರಫ್ ಎಂಬಾತ ಈ ಪಾಳು ಕಟ್ಟೆಯನ್ನು ಕೊಂಡ. ಅವನ ಕಣ್ಣಿಗೆ ಕಂಡದ್ದು ವಿಹಾರದ ಕೆರೆ. ಹೊಗೆ ತುಂಬಿದ ಪಿಟ್ಸ್‌ಬರ್ಗ್ ನಗರದ ಉದ್ಯಮಿಗಳಿಗೆ ಬೇಸಿಗೆ ಕಳೆಯಲು ತಂಪಾದ ಜಾಗ ಬೇಕಿತ್ತು. ಹೀಗೆ ಹುಟ್ಟಿದ್ದು ಸೌತ್ ಫೋರ್ಕ್ ಮೀನುಗಾರಿಕೆ ಮತ್ತು ಬೇಟೆಯ ಕ್ಲಬ್. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ, ಹೆನ್ರಿ ಕ್ಲೇ ಫ್ರಿಕ್, ಬ್ಯಾಂಕರ್ ಆಂಡ್ರ್ಯೂ ಮೆಲನ್ ಮೊದಲಾದವರು ಇದರ ಸದಸ್ಯರು. ಮೂರು ಕಿಲೋಮೀಟರಿನಷ್ಟು ಉದ್ದದ ಕೆರೆಯಲ್ಲಿ ಹಾಯಿದೋಣಿಗಳು ತೇಲಿದವು, ಉಗಿದೋಣಿಗಳು ಓಡಾಡಿದವು. ದಡದಲ್ಲಿ ದೊಡ್ಡ ಕ್ಲಬ್ ಮನೆಯೂ ಸದಸ್ಯರ ಬಂಗಲೆಗಳೂ ಎದ್ದವು.

ಕೆರೆಯನ್ನು ವಿಹಾರಕ್ಕೆ ಬಳಸಿದ್ದು ತಪ್ಪಲ್ಲ. ವಿಹಾರಕ್ಕಾಗಿ ಕಟ್ಟೆಗೆ ಏನು ಮಾಡಿದರು ಎಂಬುದನ್ನು ಗಮನಿಸಿ.

ಒಡೆದಿದ್ದ ಭಾಗವನ್ನು ಮಣ್ಣು, ಕಲ್ಲು, ಮರದ ಸೊಪ್ಪು, ಹುಲ್ಲು, ಕುದುರೆಯ ಲದ್ದಿ ಹಾಕಿ ಮುಚ್ಚಿದರು. ಕೊಳವೆಗಳನ್ನು ಮತ್ತೆ ಕೂರಿಸಲಿಲ್ಲ. ಏರಿಯ ಮೇಲೆ ಕುದುರೆಗಾಡಿಗಳು ಓಡಾಡಲು ಅಗಲವಾದ ದಾರಿ ಬೇಕಿತ್ತು. ಅದಕ್ಕಾಗಿ ಏರಿಯ ನೆತ್ತಿಯನ್ನು ಸುಮಾರು ಒಂದು ಮೀಟರ್ ತಗ್ಗಿಸಿದರು. ಬೇರೆಡೆಯಿಂದ ರೈಲಿನಲ್ಲಿ ತಂದು ಬಿಟ್ಟಿದ್ದ ಬೆಲೆಬಾಳುವ ಮೀನುಗಳು ಕೋಡಿಯಲ್ಲಿ ಹರಿದುಹೋಗದಂತೆ ಕಬ್ಬಿಣದ ಸಲಾಕೆಗಳ ಜಾಲರಿ ನಿಲ್ಲಿಸಿದರು. ಹೊಸದಾಗಿ ತುಂಬಿದ ನಡುಭಾಗ ಕಾಲಕ್ರಮದಲ್ಲಿ ಕುಸಿದು ಇನ್ನಷ್ಟು ತಗ್ಗಾಯಿತು. ಕಟ್ಟೆಯ ಅತಿ ಎತ್ತರದ, ಅತಿ ದುರ್ಬಲವಾದ ಭಾಗವೇ ನೀರು ಮೊದಲು ಉಕ್ಕುವ ಜಾಗವಾಯಿತು.

ಕೇಳದೆ ಹೋದ ಎಚ್ಚರಿಕೆ

ಕೆಳಗಿನ ಕಣಿವೆಯಲ್ಲಿದ್ದವರು ಇದನ್ನು ನೋಡದೆ ಇರಲಿಲ್ಲ. ಜಾನ್ಸ್‌ಟೌನಿನ ಕೇಂಬ್ರಿಯ ಕಬ್ಬಿಣ ಕಂಪನಿಯ ಮುಖ್ಯಸ್ಥ ಡೇನಿಯಲ್ ಮಾರೆಲ್, 1880ರಲ್ಲಿ ಜಾನ್ ಫುಲ್ಟನ್ ಎಂಬ ತಜ್ಞನನ್ನು ಕಟ್ಟೆಯ ಪರೀಕ್ಷೆಗೆ ಕಳುಹಿಸಿದ. ಫುಲ್ಟನ್ ಎರಡು ದೋಷ ಎತ್ತಿ ತೋರಿಸಿದ. ದುರಸ್ತಿಗಾಗಿ ಕೆರೆಯನ್ನು ಬರಿದು ಮಾಡಲು ಕೊಳವೆ ಇಲ್ಲ, ಹಾಗೂ ಒಡೆದ ಭಾಗವನ್ನು ಸರಿಯಾಗಿ ಕಟ್ಟಿಲ್ಲ. ಕಣಿವೆಯ ಜನರಿಗೆ ತಮ್ಮಿಂದ ಯಾವ ಅಪಾಯವೂ ಇಲ್ಲವೆಂದು ರಫ್ ಉತ್ತರ ಬರೆದ. ಸರಿಪಡಿಸುವುದಾದರೆ ಖರ್ಚಿನಲ್ಲಿ ಪಾಲು ಕೊಡುತ್ತೇವೆಂದು ಮಾರೆಲ್ ಹೇಳಿದರೂ ಕ್ಲಬ್ ಒಪ್ಪಲಿಲ್ಲ. ಮಾರೆಲ್ 1885ರಲ್ಲಿ ತೀರಿಕೊಂಡ. ಎರಡು ವರ್ಷಗಳ ನಂತರ ರಫ್ ಕೂಡ ತೀರಿಕೊಂಡ. ದೋಷಗಳು ಮಾತ್ರ ಕಟ್ಟೆಯಲ್ಲೇ ಉಳಿದವು.

ಮೇ 31

1889ರ ಮೇ 30ರ ರಾತ್ರಿಯಿಡೀ ಭಾರಿ ಮಳೆ ಸುರಿಯಿತು. ಬೆಳಗಾಗುವ ಹೊತ್ತಿಗೆ ಕೆರೆಯ ಮಟ್ಟ ಏರುತ್ತಲೇ ಇತ್ತು. ಕೊಚ್ಚಿಬಂದ ಕೊಂಬೆ, ಕಸ ಮೀನಿನ ಜಾಲರಿಗೆ ಸಿಕ್ಕಿ ಕೋಡಿ ಕಟ್ಟಿಕೊಂಡಿತು. ಕ್ಲಬ್ಬಿನ ಅಧ್ಯಕ್ಷ ಇಲಿಯಾಸ್ ಉಂಗರ್ ಕೆಲಸಗಾರರನ್ನು ಸೇರಿಸಿ ಏರಿಯನ್ನು ಎತ್ತರಿಸಲು, ಇನ್ನೊಂದು ಕೋಡಿ ತೋಡಲು, ಜಾಲರಿ ಕೀಳಲು ಹೆಣಗಾಡಿದ. ಯುವ ಎಂಜಿನಿಯರ್ ಜಾನ್ ಪಾರ್ಕ್ ಕುದುರೆಯೇರಿ ಸೌತ್ ಫೋರ್ಕ್ ಊರಿಗೆ ಧಾವಿಸಿ ಟೆಲಿಗ್ರಾಫ್ ಮೂಲಕ ಎಚ್ಚರಿಕೆ ಕಳುಹಿಸಲು ಹೇಳಿದ. ಆದರೆ ಕಟ್ಟೆ ಒಡೆಯುತ್ತದೆಂಬ ಸುದ್ದಿ ಹಿಂದಿನ ವರ್ಷಗಳಲ್ಲಿ ಎಷ್ಟೋ ಸಲ ಹುಟ್ಟಿ ಸುಳ್ಳಾಗಿತ್ತು. ಈ ಬಾರಿಯೂ ಹೆಚ್ಚಿನವರು ನಂಬಲಿಲ್ಲ.

ಮಧ್ಯಾಹ್ನ 3 ಗಂಟೆಯ ಆಸುಪಾಸಿನಲ್ಲಿ ಏರಿಯ ನಡುಭಾಗ ಕೊಚ್ಚಿಹೋಯಿತು. ಸುಮಾರು 1.45 ಕೋಟಿ ಘನ ಮೀಟರ್ ನೀರು ಇಕ್ಕಟ್ಟಾದ ಕಣಿವೆಯಲ್ಲಿ ಮರ, ಮನೆ, ರೈಲು ಎಂಜಿನ್‌ಗಳನ್ನು ಹೊತ್ತು ನುಗ್ಗಿತು. 4 ಗಂಟೆ 7 ನಿಮಿಷಕ್ಕೆ ಅದು ಜಾನ್ಸ್‌ಟೌನ್ ತಲುಪಿತು. ಊರಿನ ಕಲ್ಲಿನ ರೈಲು ಸೇತುವೆಗೆ ಅಡ್ಡಬಿದ್ದ ಅವಶೇಷಗಳ ರಾಶಿಗೆ ಬೆಂಕಿ ಹತ್ತಿ, ಅದರಲ್ಲಿ ಸಿಕ್ಕಿಕೊಂಡಿದ್ದವರೂ ಸತ್ತರು. 99 ಕುಟುಂಬಗಳಲ್ಲಿ ಒಬ್ಬರೂ ಉಳಿಯಲಿಲ್ಲ. ಕ್ಲಾರಾ ಬಾರ್ಟನ್ ನೇತೃತ್ವದ ಅಮೆರಿಕದ ರೆಡ್ ಕ್ರಾಸ್ ಸಂಸ್ಥೆ ತಿಂಗಳುಗಟ್ಟಲೆ ಅಲ್ಲಿದ್ದು ನೆರವು ನೀಡಿತು. ಕ್ಲಬ್ಬಿನಿಂದ ಪರಿಹಾರ ಕೇಳಿ ನ್ಯಾಯಾಲಯಕ್ಕೆ ಹೋದವರು ಯಾರೂ ಗೆಲ್ಲಲಿಲ್ಲ.

ಲೆಕ್ಕ ಹೇಳುವ ಸತ್ಯ

ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ ತನಿಖೆ ನಡೆಸಿತು. 1891ರಲ್ಲಿ ಹೊರಬಂದ ಅದರ ವರದಿ, ಏರಿಯನ್ನು ತಗ್ಗಿಸದಿದ್ದರೂ ಅಷ್ಟು ಮಳೆಗೆ ಕಟ್ಟೆ ಒಡೆಯುತ್ತಿತ್ತು ಎಂದಿತು. ಬಹುಕಾಲ ಇದೇ ಕೊನೆಯ ಮಾತಾಗಿತ್ತು. ಆದರೆ 2016ರಲ್ಲಿ ನೀಲ್ ಕೋಲ್ಮನ್ ಮತ್ತು ಸಂಗಡಿಗರು ಉಳಿದಿರುವ ಕಟ್ಟೆಯನ್ನು ಆಧುನಿಕ ಉಪಕರಣಗಳಿಂದ ಅಳೆದು ಲೆಕ್ಕ ಹಾಕಿದರು. ಏರಿಯನ್ನು ತಗ್ಗಿಸಿದ್ದರಿಂದ ನೀರನ್ನು ಸುರಕ್ಷಿತವಾಗಿ ಹೊರಬಿಡುವ ಸಾಮರ್ಥ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಮೂಲ ವಿನ್ಯಾಸದಂತೆ ಇದ್ದಿದ್ದರೆ ಕಟ್ಟೆ ಆ ಮಳೆಯನ್ನು ತಡೆದುಕೊಳ್ಳುತ್ತಿತ್ತು ಎಂಬುದು ಅವರ ತೀರ್ಮಾನ.

ಒಂದೇ ಒಂದು ಮೀಟರಿಗೆ ಅರ್ಧ ಸಾಮರ್ಥ್ಯ ಹೋಗುವುದು ಹೇಗೆ? ಕೋಡಿಯ ಮೇಲೆ ಹರಿಯುವ ನೀರಿನ ಪ್ರಮಾಣ ಅಲ್ಲಿನ ನೀರಿನ ಆಳದ ಒಂದೂವರೆ ಘಾತಕ್ಕೆ ಅನುಪಾತದಲ್ಲಿರುತ್ತದೆ. ಉದಾಹರಣೆಗೆ, ಕೋಡಿಯ ತಳದಿಂದ ಏರಿಯ ನೆತ್ತಿಗೆ 3 ಮೀಟರ್ ಇದೆ ಎನ್ನಿ. ಏರಿಯನ್ನು 1 ಮೀಟರ್ ಕತ್ತರಿಸಿದರೆ, ನೀರು ಏರಿಯ ಮೇಲೆ ಉಕ್ಕುವ ಮೊದಲು ಕೋಡಿಯಲ್ಲಿ 2 ಮೀಟರ್ ಆಳ ಮಾತ್ರ ಹರಿಯಬಲ್ಲದು. ಮೂರನೆಯ ಎರಡು ಭಾಗದ ಒಂದೂವರೆ ಘಾತ 0.54. ಅಂದರೆ ಆಳದಲ್ಲಿ ಮೂರನೆಯ ಒಂದು ಭಾಗ ಹೋದರೆ ಹರಿವಿನಲ್ಲಿ ಶೇಕಡ 46ರಷ್ಟು ಹೋಯಿತು! ನಿಮ್ಮ ತರಗತಿಯಲ್ಲಿ ಬೇರೆ ಬೇರೆ ಅಳತೆಗಳಿಗೆ ಈ ಲೆಕ್ಕ ಮಾಡಿಸಿ ನೋಡಿ.

ನೀವೇ ಮಾಡಿ ನೋಡಿ

ಅಗಲವಾದ ತಟ್ಟೆಯೊಂದರಲ್ಲಿ ಮರಳು ಬೆರೆಸಿದ ಜೇಡಿಮಣ್ಣಿನಿಂದ ಅಂಗೈ ಎತ್ತರದ ಏರಿ ಕಟ್ಟಿ. ಒಂದು ಬದಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಕೋಡಿ ಮಾಡಿ. ಹಿಂಬದಿಯಲ್ಲಿ ಚೊಂಬಿನಿಂದ ನೀರು ಹೊಯ್ಯುತ್ತಾ ಹೋಗಿ. ನೀರು ಕೋಡಿಯಲ್ಲಿ ಹರಿಯುವಷ್ಟು ಹೊತ್ತು ಏರಿಗೆ ಏನೂ ಆಗದು. ಈಗ ಕೋಡಿಗೆ ಕಡ್ಡಿ, ಎಲೆ ಅಡ್ಡವಿಡಿ. ನೀರು ಏರಿಯ ಮೇಲೆ ಉಕ್ಕಿದೊಡನೆ ಹೊರಗಿನ ಇಳಿಜಾರು ಕೊರೆಯತೊಡಗುತ್ತದೆ. ಕೊರೆತ ಹಿಂದಕ್ಕೆ ಸರಿಯುತ್ತಾ ನೆತ್ತಿಯನ್ನು ಮುಟ್ಟುತ್ತದೆ. ಅಲ್ಲಿಂದ ಮುಂದೆ ಯಾರೂ ತಡೆಯಲಾರರು. ಹರಿವು ಹೆಚ್ಚಿದಷ್ಟೂ ಕೊರೆತ ಹೆಚ್ಚು, ಕೊರೆತ ಹೆಚ್ಚಿದಷ್ಟೂ ಹರಿವು ಹೆಚ್ಚು. ಗುಜರಾತಿನ ಮಚ್ಚು ನದಿಯ ಎರಡನೆಯ ಅಣೆಕಟ್ಟೆಯ ಮಣ್ಣಿನ ಭಾಗಗಳು 1979ರ ಆಗಸ್ಟ್ 11ರಂದು ಕೊಚ್ಚಿಹೋಗಿ ಮೋರ್ಬಿ ಪಟ್ಟಣ ಮುಳುಗಿದ್ದೂ ಹೀಗೆಯೇ.

ಸೌತ್ ಫೋರ್ಕ್ ಕಟ್ಟೆಯ ಎರಡು ತುದಿಗಳು ಇಂದಿಗೂ ನಿಂತಿವೆ. ಅವು 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸ್ಮಾರಕದ ಭಾಗ. ನಡುವೆ ಕೆರೆಯಿಲ್ಲ, ಸಣ್ಣ ಹೊಳೆಯೊಂದು ಹರಿಯುತ್ತದೆ.

ಮುಂದಿನ ಸಲ ದೋಣಿವಿಹಾರಕ್ಕೋ ಸಂಜೆಯ ತಿರುಗಾಟಕ್ಕೋ ಕೆರೆಗೆ ಹೋದಾಗ ಸ್ವಲ್ಪ ಹೊತ್ತು ಕೋಡಿಯ ಬಳಿಯೂ ನಿಲ್ಲಿ. ಅಲ್ಲಿ ಕಸ ಕಟ್ಟಿದೆಯೇ? ಮೀನಿಗೆ ಬಲೆ ಒಡ್ಡಿದ್ದಾರೆಯೇ? ತೂಬು ತೆರೆಯುವಂತಿದೆಯೇ? ಏರಿಯ ನೆತ್ತಿ ಎಲ್ಲಾದರೂ ತಗ್ಗಾಗಿದೆಯೇ? ಮರದ ಬೇರು, ಇಲಿ ಬಿಲಗಳಿವೆಯೇ? ಹೊರಮೈಯಲ್ಲಿ ನೀರು ಜಿನುಗುತ್ತಿದೆಯೇ, ಜಿನುಗುವ ನೀರು ತಿಳಿಯೋ ಮಣ್ಣುಮಿಶ್ರಿತವೋ? ಕಂಡದ್ದನ್ನು ಬರೆದುಕೊಂಡು ಮಳೆಗಾಲಕ್ಕೆ ಮೊದಲೇ ಪಂಚಾಯಿತಿಗೆ ತಿಳಿಸಿ. 1880ರಲ್ಲಿ ಫುಲ್ಟನ್ ಮಾಡಿದ್ದೂ ಇಷ್ಟೇ. ಅವನ ಮಾತನ್ನು ಕೇಳಿದ್ದರೆ ಜಾನ್ಸ್‌ಟೌನಿನ ಹೆಸರು ನಮಗೆ ಗೊತ್ತಾಗುವ ಕಾರಣವೇ ಇರುತ್ತಿರಲಿಲ್ಲ.