ವಾಯಿದೆ
ಅರಬ್ಬಿಯ ‘ವಅದ’ ಎಂದರೆ ಕೊಟ್ಟ ಮಾತು. ಕನ್ನಡಕ್ಕೆ ಬಂದು ಅದು ‘ವಾಯಿದೆ’, ಮಾತು ನಡೆಸಬೇಕಾದ ಅವಧಿ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಹನುಮಸಾಗರದ ಸೀಮೆಯಲ್ಲಿ ಅದು ಸಾಲ, ಕೋರ್ಟುಗಳ ಮಾತು. ಕಂಪ್ಯೂಟರಿನ ‘ಟೈಮ್‌ಔಟ್’ಗೆ ಇದಕ್ಕಿಂತ ಒಪ್ಪುವ ಪದ ನನಗೆ ಕಾಣದು.

ಜಾಲದಲ್ಲಿ ಒಂದು ಯಂತ್ರ ಉತ್ತರಿಸದಿದ್ದರೆ ಅದು ಕೆಟ್ಟಿದೆಯೋ, ತಡವಾಗಿದೆಯೋ ತಿಳಿಯದು. ವಿಳಂಬಕ್ಕೆ ಮಿತಿಯೇ ಇಲ್ಲದಾಗ, ಒಂದೇ ಯಂತ್ರ ಕೆಡಬಹುದಾದರೂ, ಯಾದೃಚ್ಛಿಕತೆಯನ್ನು ಬಳಸದ ಯಾವ ವಿಧಾನವೂ ಯಂತ್ರಗಳ ಒಮ್ಮತವನ್ನು ಖಾತರಿಪಡಿಸದೆಂದು ಫಿಷರ್, ಲಿಂಚ್, ಪ್ಯಾಟರ್ಸನ್ 1985ರ ಪ್ರಬಂಧದಲ್ಲಿ ಸಾಧಿಸಿ ತೋರಿಸಿದರು. ಹಾಗಾಗಿ ಒಮ್ಮತಕ್ಕೆ ಬಳಸುವ ‘ರಾಫ್ಟ್’ ವಿಧಾನದಲ್ಲಿ ಪ್ರತಿ ಯಂತ್ರವೂ ತನ್ನದೇ ವಾಯಿದೆ ಇಟ್ಟುಕೊಳ್ಳುತ್ತದೆ, ಉದಾಹರಣೆಗೆ 150ರಿಂದ 300 ಮಿಲಿಸೆಕೆಂಡಿನೊಳಗೆ ಯಾವುದೋ ಒಂದು. ಅಷ್ಟರಲ್ಲಿ ನಾಯಕನಾಗಿರುವ ಯಂತ್ರದ ಸುದ್ದಿ ಬಾರದಿದ್ದರೆ ಹೊಸ ನಾಯಕನಿಗಾಗಿ ಚುನಾವಣೆ. ವಾಯಿದೆಯ ಅಂದಾಜು ತಪ್ಪಿದರೂ ಲೆಕ್ಕ ಕೆಡದು: ಬಹುಮತವಿಲ್ಲದೆ ಯಾವ ನಮೂದೂ ಖಾಯಂ ಆಗದು, ತಡವಾಗಿ ಮರಳಿದ ಹಳೆಯ ನಾಯಕನ ಆಜ್ಞೆಯನ್ನು ಚುನಾವಣೆಯಿಂದ ಶುರುವಾದ ಹೊಸ ಅವಧಿಗೆ ಸೇರಿದ ಯಂತ್ರಗಳು ಒಪ್ಪವು.